ಸೊನ್ನೆಗೆ ಮುಗಿಯದ ಹನ್ನೊಂದು ಅಂಕಿ

ಬೆಳಗಿನ ಆರೂ ಹತ್ತು. ಹಾವೇರಿಯ ಗೂಡ್ಸ್ ಶೆಡ್ಡಿನಲ್ಲಿ ಗೋವಿನಜೋಳ ತುಂಬಿದ ನಲವತ್ತೆರಡು ವ್ಯಾಗನ್ನುಗಳು ನಿಂತಿವೆ. ಆರೂ ನಲವತ್ತಕ್ಕೆ ಹೊರಡಬೇಕು. ಗುತ್ತಿಗೆದಾರನ ಗುಮಾಸ್ತ ಉಡಚಪ್ಪ ಕೊಟ್ಟ ಚೀಟಿ ಹಿಡಿದು ಕುಲ್ಸುಮಬಿ ನಿಂತಲ್ಲೇ ತುಟಿ ಅಲ್ಲಾಡಿಸುತ್ತಿದ್ದಾರೆ. ಚೀಟಿಯಲ್ಲಿ ಇರುವುದು ಒಂದೇ ವ್ಯಾಗನ್ನಿನ ಸಂಖ್ಯೆ: 31160924152.

ಆ ವ್ಯಾಗನ್ನಿನ ಜೋಳಕ್ಕೆ ನುಸಿ ಬಿದ್ದಿದೆ. ಚೀಲಗಳ ನಡುವೆ ವಿಷಗಾಳಿ ಬಿಡುವ ಗುಳಿಗೆ ಇಟ್ಟು ಬಾಗಿಲು ಜಡಿದಿದ್ದಾರೆ. ಇಳಿಸುವ ಊರಿನವರು ಅದೊಂದನ್ನು ಮೊದಲು ತೆರೆದು, ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಕಾಲಿಡಬೇಕು. ಹೊರಗೆ ಅಂಟಿಸಿದ ಎಚ್ಚರಿಕೆಯ ಕಾಗದ ದಾರಿಯ ಗಾಳಿ ಮಳೆಗೆ ಉಳಿಯುವ ನಂಬಿಕೆಯಿಲ್ಲ. ಫೋನಿನಲ್ಲಿ ಹೋಗುವ ಸಂಖ್ಯೆಯೇ ಅವರಿಗೆ ಆಧಾರ.

"ಉಡಚಪ್ಪಣ್ಣ, ಈ ನಂಬರಿನ ಗಾಡಿ ದೇಶದಾಗ ಇಲ್ಲ."

"ದೇಶದ ಗಾಡಿ ಎಲ್ಲಾ ನಿನ್ನ ಸೆರಗಿನ್ಯಾಗ ಕಟಗೊಂಡೀಯೇನ, ಕುಲ್ಸುಮಕ್ಕ?"

ಕರ್ಜಗಿಯ ಕುಲ್ಸುಮಬಿಗೆ ಐವತ್ಮೂರು ವರ್ಷ. ಓದಿದ್ದು ಏಳನೇ ಇಯತ್ತೆ. ಗಂಡ ತೀರಿದ ಮೇಲೆ ಹದಿನೆಂಟು ವರ್ಷಗಳಿಂದ ದಿನಗೂಲಿಗೆ ವ್ಯಾಗನ್ ನಂಬರು ಬರೆಯುತ್ತಾರೆ. ಒಂದು ಗಾಡಿಗೆ ನಲವತ್ತೆರಡು ನಂಬರು, ಎರಡೂ ಬದಿ ಓದಿ ತಾಳೆ ನೋಡಿದರೆ ಒಂದೂವರೆ ಕಿಲೋಮೀಟರ್ ಜಲ್ಲಿಕಲ್ಲಿನ ನಡಿಗೆ. ಹಳೆಯ ಗಾರ್ಡ್ ಒಬ್ಬರು ಚಹಾ ಕುಡಿಯುತ್ತ ಕಲಿಸಿದ ಲೆಕ್ಕ ಅವರ ಆಸ್ತಿ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿ ಕೂಡಿಸಿ ಮೂರರಿಂದ ಗುಣಿಸಬೇಕು. ಉಳಿದವನ್ನು ಅದಕ್ಕೆ ಸೇರಿಸಬೇಕು. ಮೊತ್ತ ಸೊನ್ನೆಗೆ ಮುಗಿದರೆ ನಂಬರು ಖರೆ. ಕೊನೆಯ ಅಂಕಿಯನ್ನು ಅದಕ್ಕೆಂದೇ ಇಟ್ಟಿರುತ್ತಾರೆ.

"ಪಚ್ಚೀಸ್ ತಿಯಾ ಪಚತ್ತರ್" ಎಂದು ಮನೆಮಾತಿನ ಮಗ್ಗಿಯಲ್ಲೇ ಇಪ್ಪತ್ತೈದನ್ನು ಮೂರರಿಂದ ಗುಣಿಸಿ, ಬಂದ ಎಪ್ಪತ್ತೈದಕ್ಕೆ ಉಳಿದ ಅಂಕಿಗಳ ಒಂಬತ್ತು ಸೇರಿಸುತ್ತಾರೆ. ಎಂಬತ್ನಾಲ್ಕು. ಇನ್ನೊಮ್ಮೆ ಮಾಡಿದರೂ ಎಂಬತ್ನಾಲ್ಕು.

ಯಾವ ಅಂಕಿ ತಪ್ಪು ಎಂದು ಉಡಚಪ್ಪ ಕೇಳುತ್ತಾನೆ.

"ಕಳ್ಳ ಹೊಕ್ಕಾನ ಅಂತ ಲೆಕ್ಕ ಹೇಳತೈತಿ. ಯಾವ ಕ್ವಾಣ್ಯಾಗ ಅದಾನ ಅಂತ ಹೇಳಂಗಿಲ್ಲ" ಎಂದವರೇ ಜಲ್ಲಿಯ ಮೇಲೆ ಓಡುತ್ತಾರೆ. ಎಂಜಿನ್ ಆಗಲೇ ಒಮ್ಮೆ ಕೂಗಿದೆ. ಇಪ್ಪತ್ತೇಳನೇ ವ್ಯಾಗನ್ನಿನ ಮೇಲೆ ಎಚ್ಚರಿಕೆಯ ಕಾಗದ ಪಟಪಟ ಬಡಿದುಕೊಳ್ಳುತ್ತಿದೆ. ನಂಬರಿನ ಮೇಲೆ ಒಣಗಿದ ಕೆಸರು. ಸೆರಗಿಗೆ ಉಗುಳು ಹಚ್ಚಿ ಉಜ್ಜಿದರೆ ಒಂಬತ್ತನೇ ಜಾಗದ ಒಂದಕ್ಕೆ ತಲೆ ಮೂಡುತ್ತದೆ. ಅದು ಏಳು. ಎಂಬತ್ನಾಲ್ಕಕ್ಕೆ ಆರು ಸೇರಿ ತೊಂಬತ್ತು.

ಆರೂ ಮೂವತ್ಮೂರಕ್ಕೆ ಉಡಚಪ್ಪ ಇಳಿಸುವ ಊರಿಗೆ ಫೋನು ಹಚ್ಚುತ್ತಾನೆ. ಬರೆದುಕೊಂಡದ್ದನ್ನು ಅವರಿಂದಲೇ ಓದಿಸಿ, ಕುಲ್ಸುಮಬಿ ಮತ್ತೆ ಕೂಡಿಸಿ, ತಲೆಯಾಡಿಸುತ್ತಾರೆ. ಗಾಡಿ ಕದಲುತ್ತದೆ. ರಾತ್ರಿ ಮೊಬೈಲ್ ಬೆಳಕಿನಲ್ಲಿ ಬರೆದಿದ್ದೆ ಎಂದು ಉಡಚಪ್ಪ ನೆಲ ನೋಡುತ್ತ ಹೇಳುತ್ತಾನೆ. ಅವರು ಬೈಯುವುದಿಲ್ಲ.

ಮೂರನೇ ದಿನ ಸುದ್ದಿ ಬರುತ್ತದೆ. ಆ ವ್ಯಾಗನ್ನಿನ ಬಾಗಿಲನ್ನು ಮುಂಜಾನೆಯೇ ತೆರೆದಿಟ್ಟು, ಮಧ್ಯಾಹ್ನದ ಮೇಲೆ ಹಮಾಲರನ್ನು ಒಳಗೆ ಬಿಟ್ಟರಂತೆ. ಅವರಲ್ಲಿ ಒಬ್ಬನಿಗೂ ನಿಮ್ಮ ಹೆಸರು ಗೊತ್ತಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಕುಲ್ಸುಮಬಿ ನಗುತ್ತಾರೆ.

"ನನಗೂ ಅವರ ಹೆಸರು ಗೊತ್ತಿಲ್ಲರಿ. ಮುಂಜಾನೆ ಚಾ ಕುಡದು ಕೆಲಸಕ್ಕ ಬಂದವರು, ಸಂಜಿಗೆ ಮನಿ ಮುಟ್ಟಬೇಕಲ್ರಿ."