ಎಂಟು ಕಿಲೋದ ಕಲ್ಲು

ಕಾಗವಾಡದ ನಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿ ತೂಗಲು ಒಂದು ಮತ್ತು ಎರಡು ಕಿಲೋದ ಕಬ್ಬಿಣದ ತೂಕಗಳು ಮಾತ್ರ ಇದ್ದವು. ಏಳನೇ ತರಗತಿಯಲ್ಲಿದ್ದ ಮಗಳು ಅವೆರಡನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಇನ್ನೊಂದರಲ್ಲಿ ಸರಿತೂಗುವಂತೆ ಹೊಲದ ಕಲ್ಲೊಂದನ್ನು ಒಡೆದು ಮೂರು ಕಿಲೋದ ತೂಕ ಮಾಡಿದಳು. ಆಮೇಲೆ ಎರಡು, ಮೂರು ಕೂಡಿಸಿ ಐದರದ್ದು; ಮೂರು, ಐದು ಕೂಡಿಸಿ ಎಂಟರದ್ದು; ಹೀಗೆಯೇ ಹದಿಮೂರರದ್ದು. ಇಪ್ಪತ್ತು ಕಿಲೋದವರೆಗೆ ಯಾವ ತೂಕ ಕೇಳಿದರೂ ಅವುಗಳಲ್ಲೇ ಬರುತ್ತಿತ್ತು.

ಹನ್ನೊಂದಕ್ಕೆ ನಾನು ಎಂಟು, ಎರಡು, ಒಂದು ಇಟ್ಟರೆ ನಗುತ್ತಿದ್ದಳು. “ಯಪ್ಪಾ, ಬಾಜೂದ ಎರಡು ಕೂಡಿ ಯಾಕ ಹಾಕ್ತಿ? ಅವೆರಡರ ಬದಲಿ ಮುಂದಿಂದೊಂದು ಐತಲ್ಲ. ಎಂಟು, ಮೂರು ಹಾಕು. ನೀ ಸಾಲಿಗೆ ಹೋಗಿದ್ದು ಖರೇನ?”

ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು. ಹೊಲದಲ್ಲಿ ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಾಯಿಗಳು ಮಣ್ಣು ಕೆದರಿದ್ದವು. ಬದುವಿನ ಕಲ್ಲುಗಳನ್ನೆಲ್ಲ ಹೇರಿದೆ. ಸಾಲದೆ ಶೆಡ್ಡಿಗೆ ಓಡಿ, ಕೈಗೆ ಸಿಕ್ಕಿದ್ದನ್ನು ತಂದಿಟ್ಟೆ. ಅದು ಎಂಟು ಕಿಲೋದ್ದು.

ಹದಿಮೂರರದ್ದನ್ನು ಬಿಟ್ಟು ಉಳಿದವನ್ನೆಲ್ಲ ಇಟ್ಟರೂ ಈಗ ಹನ್ನೊಂದೇ ಆಗುತ್ತದೆ. ಹನ್ನೆರಡು ಕೇಳಿದವರಿಗೆ ಎರಡು ಸಲ ತೂಗುತ್ತೇನೆ.

“ಮೂರು, ಐದು ಇಟ್ಟು ಇನ್ನೊಂದು ಮಾಡ್ಕೊಳ್ರಿ. ಅಕಿ ತೋರಿಸ್ಯಾಳಲ್ಲ,” ಎಂದಳು ಹೆಂಡತಿ.

ನಿನ್ನೆ ಎರಡನ್ನೂ ಒಂದು ತಟ್ಟೆಗೆ ಇಟ್ಟೆ. ಆ ತಟ್ಟೆ ನೆಲ ಮುಟ್ಟಿತು. ಖಾಲಿ ತಟ್ಟೆ ಎದ್ದು ನನ್ನ ಎದೆಯ ಮಟ್ಟಕ್ಕೆ ನಿಂತಿತು. ಬಹಳ ಹೊತ್ತು ಅದನ್ನೇ ನೋಡಿದೆ. ಆಮೇಲೆ ಎರಡೂ ಕಲ್ಲುಗಳನ್ನು ಕೆಳಗಿಳಿಸಿದೆ.