ಒಂದೇ ಸ್ವರದ ನಡಿಗೆ

ನಮ್ಮ ಚಿಕ್ಕಮ್ಮನಿಗೆ ಗಿಟಾರ್ ಹಿಡಿಯಲೂ ಬರುವುದಿಲ್ಲ. ಆದರೂ ನಾಟಕ ತಂಡಕ್ಕೆ ಬೇಕಾದ ಗಿಟಾರನ್ನೆಲ್ಲ ನುಡಿಸುವವಳು ಅವಳೇ, ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಕಂಪ್ಯೂಟರ್ ಇಟ್ಟುಕೊಂಡು. ಯಾರೋ ಪುಣ್ಯಾತ್ಮರು ನಿಜವಾದ ಗಿಟಾರಿನಲ್ಲಿ ಒಂದೊಂದು ಸ್ವರವನ್ನೂ ಮೀಟಿ ಧ್ವನಿಮುದ್ರಿಸಿ ಇಟ್ಟಿದ್ದಾರೆ. ಚಿಕ್ಕಮ್ಮ ಕೀಬೋರ್ಡಿನ ಕೀಲಿ ಒತ್ತಿದರೆ ಆ ಸ್ವರ ಬರುತ್ತದೆ. "ಬೆರಳು ಅವರದ್ದು, ಬುದ್ಧಿ ನಂದು" ಎನ್ನುವುದು ಅವಳ ಜಂಬ. ಜಂಬಕ್ಕೆ ತಕ್ಕ ಕೆಲಸವೂ ಗೊತ್ತು, ಅದನ್ನು ಒಪ್ಪಲೇಬೇಕು.

ಹೊಸ ನಾಟಕದಲ್ಲಿ ಮಾತಿಲ್ಲದ ದೃಶ್ಯವೊಂದಿತ್ತು. ಮುದುಕಿಯೊಬ್ಬಳು ರಂಗದ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ, ಹಿನ್ನೆಲೆಯಲ್ಲಿ ಗಿಟಾರಿನ ಒಂದೇ ಸ್ವರ ಮತ್ತೆ ಮತ್ತೆ ಕೇಳುತ್ತದೆ, ಅಷ್ಟೇ. ಪಾತ್ರ ತಂಡದ ಹಿರಿಯ ನಟಿಯದು. ಎಲ್ಲರಿಗೂ ಅವರು ದೊಡ್ಡಕ್ಕ. ಇಡೀ ನಾಟಕದಲ್ಲಿ ಅವರಿಗಿದ್ದದ್ದು ಅದೊಂದೇ ದೃಶ್ಯ.

ಮೊದಲ ತಾಲೀಮಿನಲ್ಲಿ ಸ್ವರ ಮೊಳೆ ಹೊಡೆದ ಹಾಗೆ ಟಣ್ ಟಣ್ ಟಣ್ ಎಂದಿತು. ದೊಡ್ಡಕ್ಕ ಅರ್ಧ ದಾರಿಯಲ್ಲೇ ನಿಂತುಬಿಟ್ಟರು.

"ಇದಕ್ಕೆ ನನ್ನ ಕಾಲೇ ಏಳಲ್ಲಮ್ಮ."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ನಾಳೆಯೂ ಹೀಗೇ ಇದ್ರೆ ಈ ದೃಶ್ಯ ಕೈಬಿಡೋಣ."

ದೊಡ್ಡಕ್ಕನ ಮುಖ ಸಣ್ಣದಾಯಿತು. ಚಿಕ್ಕಮ್ಮನಿಗೆ ರೇಗಿತು. "ಕೈಬಿಡೋದಂತೆ! ನಾಳೆ ಬನ್ನಿ ಸರ್, ಕೇಳಿ, ಆಮೇಲೆ ಕತ್ತರಿ ಹುಡುಕಿ."

ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತಳು. ತೊಂದರೆ ಅವಳಿಗೆ ತಿಳಿದದ್ದೇ. ಕಂಪ್ಯೂಟರ್ ಪ್ರತಿ ಸಲವೂ ಅದೇ ಮೀಟನ್ನು ಅಚ್ಚೊತ್ತಿದಂತೆ ನುಡಿಸುತ್ತದೆ; ಮನುಷ್ಯನ ಕೈಗೆ ಅದು ಸಾಧ್ಯವೇ ಇಲ್ಲ. ಹಾಗಾಗಿ ಒಂದು ಸಲ ಕೆಳಕ್ಕೆ ಎಳೆದ ಮೀಟು, ಇನ್ನೊಂದು ಸಲ ಮೇಲಕ್ಕೆ ಎಳೆದ ಮೀಟು ಹಾಕಿದಳು. ಸಾಲದಾದಾಗ ಮೇಲಿನ ಪಕ್ಕದ ಸ್ವರವನ್ನು ಎರವಲು ತಂದು, ಶ್ರುತಿ ಇಳಿಸಿ ಇದೇ ಸ್ವರವಾಗಿಸಿ ಸೇರಿಸಿದಳು. ಜೋರು, ಮೆಲ್ಲಗೆ, ಬೇಗ, ತಡ ಇವನ್ನೆಲ್ಲ ಕಂಪ್ಯೂಟರಿನ ಮರ್ಜಿಗೆ ಬಿಟ್ಟಳು. ಕೇಳಿ ನಾನು ನಕ್ಕೆ.

"ಕುಡಿದವನು ನುಡಿಸಿದ ಹಾಗಿದೆ ಚಿಕ್ಕಮ್ಮ."

"ಬಾಯಿ ಮುಚ್ಕೊಂಡು ಆ ತಾಲೀಮಿನ ವಿಡಿಯೊ ಹಾಕು."

ನಾನು ಫೋನಿನಲ್ಲಿ ತೆಗೆದಿದ್ದ ಆ ವಿಡಿಯೊದಲ್ಲಿ ದೊಡ್ಡಕ್ಕ ನಡೆಯುತ್ತಿದ್ದರು. ಚಿಕ್ಕಮ್ಮ ಸದ್ದು ತೆಗೆಸಿ, ಬರೀ ಪಾದ ನೋಡಿದಳು. ಬಲಗಾಲು ಗಟ್ಟಿಯಾಗಿ ಊರುತ್ತಿತ್ತು; ಎಡಗಾಲು ಕೂದಲೆಳೆಯಷ್ಟು ತಡವಾಗಿ, ಹಗುರವಾಗಿ ಬರುತ್ತಿತ್ತು. ಸ್ವರಗಳನ್ನು ಹಾಗೆಯೇ ಜೋಡಿಸಿದಳು: ಬಲಕ್ಕೆ ಕೆಳಮೀಟು, ಎಡಕ್ಕೆ ಕೊಂಚ ತಡವಾದ ಮೆಲ್ಲನೆಯ ಮೇಲ್ಮೀಟು. ಈ ಸಲ ನನಗೆ ನಗು ಬರಲಿಲ್ಲ. ಉಗ್ರಾಣದಲ್ಲಿ ಯಾರೋ ಕೂತು ಗಿಟಾರ್ ನುಡಿಸುತ್ತಿದ್ದಾರೆ ಎಂದೇ ಅನ್ನಿಸಿತು.

ಮರುದಿನ ಸ್ವರ ಶುರುವಾಗುತ್ತಲೇ ದೊಡ್ಡಕ್ಕನ ಕಾಲು ತಾನಾಗಿ ಎದ್ದಿತು. ಆದರೆ ನಡುವೆ ಗಕ್ಕನೆ ನಿಂತರು, ನೇರವಾಗಿ ಚಿಕ್ಕಮ್ಮನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಾನು ಕುಂಟೋದನ್ನ ಇದರಲ್ಲಿ ಹಾಕಿದ್ದೀಯಾ?"

ನನಗೆ ಆಗಲೇ ಹೊಳೆದದ್ದು. ಗೊತ್ತಾದರೆ ಮುಂದೆ ಯಾರೂ ಪಾತ್ರ ಕೊಡಲಾರರು ಎಂಬ ಭಯಕ್ಕೆ ಅವರು ಅದನ್ನು ಎಷ್ಟೋ ವರ್ಷಗಳಿಂದ ಬಚ್ಚಿಟ್ಟಿದ್ದರು. ಚಿಕ್ಕಮ್ಮ ಮಾತ್ರ ತಡವರಿಸಲಿಲ್ಲ.

"ಹೂಂ ಅಕ್ಕ, ಹಾಕಿದ್ದೀನಿ. ಅದಿಲ್ಲದೆ ಇದಕ್ಕೆ ಜೀವವೇ ಬರಲಿಲ್ಲ. ಮುಚ್ಚಿಡಬೇಡಿ, ನಡೀರಿ."

ದೊಡ್ಡಕ್ಕ ಅವಳನ್ನೇ ದಿಟ್ಟಿಸಿದರು. ಆಮೇಲೆ ನಿರ್ದೇಶಕರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ನನ್ನ ಎಡಮಂಡಿ ಹೋಗಿದೆ ಸರ್. ನಡೆಯೋಕೆ ಹೊತ್ತು ಬೇಕು. ಈ ದೃಶ್ಯ ಇನ್ನಷ್ಟು ಉದ್ದ ಮಾಡಿ."