ಬಳೆಯೊಂದಿಗೆ ಸರಿದ ಚರ್ಮ

ಸುರಪುರದ ರಂಗಂಪೇಟೆಯಲ್ಲಿ ಬಳೆ ವ್ಯಾಪಾರ ಮಾಡುವ ಹುಸೇನಬೀ ಗಿರಾಕಿಯ ಮುಖ ನೋಡುವುದು ಕಡಿಮೆ. ನೋಡುವುದು ಕೈ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬೆರಳುಗಳ ಬುಡವನ್ನು ಕೂಡಿಸಿ ಒಮ್ಮೆ ಹಿಚುಕಿದರೆ ಸಾಕು, ಯಾವ ಅಳತೆಯ ಬಳೆ ಬೇಕೆಂಬುದು ಅವರಿಗೆ ತಿಳಿಯುತ್ತದೆ. ಅತ್ತೆಯಿಂದ ಕಲಿತ ಕೆಲಸ. ಗಂಡ ಶರೀಫಸಾಬರು ಮಾಲು ತರುತ್ತಾರೆ, ತೊಡಿಸುವುದು ಇವರೇ. ಸುತ್ತಲಿನ ಮನೆಗಳಲ್ಲಿ ಮದುವೆಯಿರಲಿ, ಕುಬಸವಿರಲಿ, ಹಸಿರು ಬಳೆ ಪೋಣಿಸಿದ ಮಲಾರ ಹೊತ್ತು ಹೋಗುತ್ತಾರೆ. ಹುಸೇನಬೀ ಬಳೆ ಇಟ್ಟರೆ ಗಾಜು ಒಡೆಯುವುದಿಲ್ಲ, ಕೈಗೆ ಗೀರು ಬೀಳುವುದಿಲ್ಲ ಎಂಬ ಹೆಸರಿತ್ತು. ಆ ಹೆಸರಿನ ಮೇಲೆಯೇ ಮನೆ ನಡೆದಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆ ಹೆಸರು ಕೆಟ್ಟಿತು.

ಅಮೃತಮ್ಮನ ಸೊಸೆ ದುರ್ಗಾದೇವಿಯ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಶಾಸ್ತ್ರ ಅದು. ಆ ಬಳೆಗಳನ್ನು ಹೆರಿಗೆಯಾಗುವ ತನಕ ತೆಗೆಯುವಂತಿಲ್ಲ. ದುರ್ಗಾದೇವಿ ಕೆಲವು ವಾರಗಳಿಂದ ಖಾರ ಮುಟ್ಟುತ್ತಿರಲಿಲ್ಲ, ಬಾಯೊಳಗೆಲ್ಲ ಹುಣ್ಣು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಚೊಚ್ಚಲ ಬಸುರಿಯ ಬಿನ್ನಾಣ ಎಂದು ಮನೆಯವರು ನಕ್ಕಿದ್ದರು.

“ಹುಸೇನಕ್ಕ, ಬಿಗೀ ಇರೋವು ಇಡು. ಸಡಿಲಾದ್ರ ಕೈಯಾಗ ನಿಲ್ಲಂಗಿಲ್ಲ,” ಎಂದರು ಅಮೃತಮ್ಮ.

“ನೀ ಸುಮ್ಕ ಕುಂದರು, ಅಮೃತಕ್ಕ. ನಿನ್ನ ಮದಿವ್ಯಾಗ ನಮ್ಮತ್ತಿ ಬಳಿ ಇಟ್ಟಾಗ ಅಕಿಗೂ ಹಿಂಗ ಕಲಿಸಿದ್ದೇನು?”

ಕುಳಿತ ಹೆಂಗಸರೆಲ್ಲ ನಕ್ಕರು. ಎಡಗೈ ಮುಗಿದಿತ್ತು. ಬಲಗೈಗೆ ಸಾಬೂನು ನೀರು ಸವರಿ ಹುಸೇನಬೀ ಬಳೆ ಏರಿಸತೊಡಗಿದರು. ಮೊದಲಿನವು ಸಲೀಸಾಗಿ ಏರಿದವು. ಆಮೇಲಿನ ಬಳೆಯ ಜೊತೆಗೆ ಇನ್ನೇನೋ ಸರಿಯಿತು. ಕಾಯ್ದ ಹಾಲಿನ ಕೆನೆ ಬೆರಳಿಗೆ ಸಿಕ್ಕಂತೆ, ಮುಂಗೈಯ ಚರ್ಮ ನಿರಿಗೆಯಾಗಿ ಬಳೆಯ ಮುಂದೆ ಕೂಡಿಕೊಂಡಿತು. ಕೆಳಗೆ ಕೆಂಪು, ಒದ್ದೆ. ರಕ್ತ ಬರಲಿಲ್ಲ. ಹುಸೇನಬೀಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ದುರ್ಗಾದೇವಿ ತಕ್ಷಣ ಚೀರಲೂ ಇಲ್ಲ. ಬೇರೆ ಯಾರದೋ ಕೈಯನ್ನು ನೋಡುವಂತೆ ತನ್ನ ಕೈಯನ್ನು ನೋಡಿದಳು.

ನಾಲ್ಕು ದಿನದಲ್ಲಿ ಬೆನ್ನು, ಎದೆಯ ಮೇಲೆ ನೀರುಗುಳ್ಳೆ ಎದ್ದವು. ಅಮ್ಮ ಬಂದಿದ್ದಾಳೆ ಎಂದು ಅಮೃತಮ್ಮ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ಅಮ್ಮ ಬಂದ ಮನೆಯಲ್ಲಿ ಔಷಧ ಮುಟ್ಟುವುದಿಲ್ಲ. ಬೇವಿನೆಲೆಯಿಂದ ಮೈ ಸವರುವುದೊಂದೇ ಉಪಚಾರ. ಹಾಗೆ ಸವರಿದಾಗಲೆಲ್ಲ ತೆಳು ಚರ್ಮ ಎಲೆಗೆ ಅಂಟಿ ಬರುತ್ತಿತ್ತು. ಅಮ್ಮನ ಸಿಟ್ಟು ಇಳಿದಿಲ್ಲವೆಂದು ಮತ್ತಷ್ಟು ಸವರಿದರು.

ಓಣಿಯಲ್ಲಿ ಇನ್ನೊಂದು ಮಾತು ಎದ್ದಿತು. ಚರ್ಮ ಮೊದಲು ಸುಲಿದದ್ದು ಹುಸೇನಬೀ ಮುಟ್ಟಿದ ಜಾಗದಲ್ಲಿ.

“ಅಕಿ ಹತ್ರ ಬಳಿ ಇಡಸಾಕ ಹೋದ್ರ ತೊಗಲು ಬಿಟ್ಟು ಬರಬೇಕಾಗ್ತದ,” ಎಂದು ನೀರಿನ ನಲ್ಲಿಯ ಹತ್ತಿರ ಯಾರೋ ಕೇಳಿಸುವಂತೆಯೇ ಹೇಳಿದರು.

ಗಿರಾಕಿಗಳು ಬಳೆ ಕೊಂಡು, ಮನೆಯಲ್ಲಿ ತೊಟ್ಟುಕೊಳ್ಳುತ್ತೇವೆ ಎಂದು ಒಯ್ಯತೊಡಗಿದರು. ಯಾರೂ ಕೈ ಚಾಚಲಿಲ್ಲ. ಹುಸೇನಬೀಗೂ ತನ್ನ ಕೈಯ ಮೇಲೆ ಅನುಮಾನ ಹುಟ್ಟಿತು. ಕುಳಿತಲ್ಲೇ ತನ್ನ ಮೊಣಕೈ ಮೇಲೆ ಹೆಬ್ಬೆರಳು ಒತ್ತಿ ಸರಿಸಿ ನೋಡುವರು. ಶರೀಫಸಾಬರು ಉಣ್ಣುವಾಗ ಅವರ ತೋಳಿನ ಮೇಲೆ. ಮೊಮ್ಮಗಳು ಗುಡ್ಡಿ ಮಲಗಿದ್ದಾಗ ಅವಳ ಮೀನಖಂಡದ ಮೇಲೆ.

“ನಾನೇನು ಬಾಳಿಹಣ್ಣ ಏನ? ಸುಲೀಲಿಕ್ಕೆ ನಿಂತೀಯಲ್ಲ,” ಎಂದು ಶರೀಫಸಾಬರು ಒಂದು ದಿನ ರೇಗಿದರು.

“ಗಟ್ಟಿ ಅದ,” ಎಂದಷ್ಟೇ ಹೇಳಿ ಹುಸೇನಬೀ ಕೈ ಹಿಂದೆಗೆದುಕೊಂಡರು.

ಸೈದಾಪುರದ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ರಾಮಲಿಂಗ, ದುರ್ಗಾದೇವಿಯ ಗಂಡ, ರಜೆ ಹಾಕಿ ಬಂದವನು ಹೆಂಡತಿಯನ್ನು ನೋಡಿ ಯಾರ ಮಾತೂ ಕೇಳದೆ ಯಾದಗಿರಿಯ ದವಾಖಾನೆಗೆ ಒಯ್ದ. ಹಾಸಿಗೆಯ ಬಟ್ಟೆ ಮೈಗೆ ಅಂಟುತ್ತಿತ್ತು. ಬಾಳೆಎಲೆ ಹಾಸಿರಿ ಎಂದರು ಅಲ್ಲಿ. ದೋರನಹಳ್ಳಿಯ ತೋಟವೊಂದರಿಂದ ಎಲೆ ತರಿಸಿದರು. ಆ ಹಸಿರು ಎಲೆಗಳ ಮೇಲೆ, ಹಸಿರು ಬಳೆ ತೊಟ್ಟು ಅವಳು ಅಲುಗಾಡದೆ ಮಲಗಿದಳು.

ಕೈಗಳು ಬಾತುಕೊಂಡು ಬಳೆಗಳು ಹಸಿ ಗಾಯದೊಳಗೆ ಇಳಿಯತೊಡಗಿದ್ದವು. ತೆಗೆಯಲೇಬೇಕು ಎಂದರು ಚರ್ಮದ ಡಾಕ್ಟರು ಮಹೇಶಕುಮಾರ. ಒಡೆಯಲು ಅಮೃತಮ್ಮ ಒಪ್ಪಲಿಲ್ಲ. ಕುಬಸದ ಬಳೆ; ಮೇಲಾಗಿ ಬಳೆ ಒಡೆಯುವುದು ಗಂಡ ಸತ್ತವಳ ಕೈಯಲ್ಲಿ. ಕೊನೆಗೆ, ಒಡೆಯದೆ ಜಾರಿಸಬಲ್ಲವರು ಒಬ್ಬರೇ ಎಂದು ಹುಸೇನಬೀಗೆ ಫೋನು ಹೋಯಿತು.

ಬಂದ ಹುಸೇನಬೀಗೆ ಡಾಕ್ಟರು ಒಂದು ಸಂಗತಿ ತೋರಿಸಿದರು. ದುರ್ಗಾದೇವಿಯ ತೋಳಿನಲ್ಲಿ ಗುಳ್ಳೆಯಿಲ್ಲದ, ನೋಡಲು ನುಣುಪಾದ ಜಾಗಕ್ಕೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಸರಿಸಿದರು. ಚರ್ಮ ಬೆರಳಿನ ಜೊತೆ ಹೋಯಿತು. ಹುಸೇನಬೀ ಮನೆಯಲ್ಲಿ ಎಲ್ಲರ ಮೈಮೇಲೆ ಮಾಡಿ ನೋಡುತ್ತಿದ್ದುದೇ ಅದು.

“ಬಾಯಾಗ ಹುಣ್ಣು ಯಾವಾಗ ಆದವು?” ಎಂದು ಡಾಕ್ಟರು ಕೇಳಿದರು.

“ಕುಬಸಕ್ಕಿಂತ ಮದಲ ಇದ್ದವ್ರಿ,” ಎಂದಳು ದುರ್ಗಾದೇವಿ.

“ಹಂಗಾದ್ರ ರೋಗ ಅವಾಗೇ ಸುರು ಆಗ್ಯದ. ಬಳಿ ಇಟ್ಟಿದ್ದಕ್ಕ ಬಂದಿದ್ದಲ್ಲ. ಯಾರು ಮುಟ್ಟಿದ್ರೂ ತೊಗಲು ಹಿಂಗ ಬರ್ತಿತ್ತು.”

ಅಮೃತಮ್ಮ ನೆಲ ನೋಡಿದರು.

ಕಾಯಿಲೆಯ ಹೆಸರು ಪೆಂಫಿಗಸ್. ಚರ್ಮ ಒಂದೇ ಹಾಳೆಯಂತೆ ಕಂಡರೂ ಅದು ಲೆಕ್ಕವಿಲ್ಲದಷ್ಟು ಜೀವಕೋಶಗಳು ಒಂದನ್ನೊಂದು ಹಿಡಿದು ನಿಂತಿರುವ ಗುಂಪು. ಕೋಶದ ಅಂಚಿನಲ್ಲಿ ಡೆಸ್ಮೋಸೋಮ್ ಎಂಬ, ಅಂಗಿಯ ಗುಂಡಿಯಂಥ ಸಣ್ಣ ಬಿಂದುಗಳಿರುತ್ತವೆ. ಅಲ್ಲಿಂದ ಹೊರಟ ಪ್ರೋಟೀನಿನ ಎಳೆಗಳು ಪಕ್ಕದ ಕೋಶದಿಂದ ಬಂದ ಎಳೆಗಳನ್ನು ಹಿಡಿಯುತ್ತವೆ. ನಾವು ತಿಕ್ಕಿ ಮೈ ತೊಳೆದರೂ ಚರ್ಮ ಉಳಿಯುವುದು ಈ ಹಿಡಿತದಿಂದ. ಪೆಂಫಿಗಸ್ಸಿನಲ್ಲಿ, ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ದಾರಿ ತಪ್ಪಿ ಆ ಎಳೆಗಳ ಮೇಲೆಯೇ ಎರಗುತ್ತವೆ. ಹಿಡಿತ ಬಿಡುತ್ತದೆ. ಕೋಶಗಳು ಸತ್ತಿರುವುದಿಲ್ಲ. ದುರ್ಗಾದೇವಿಯ ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಕಂಡಿದ್ದೂ ಹಾಗೆಯೇ: ಒಂದೊಂದು ಕೋಶವೂ ಗುಂಡಗಾಗಿ, ಒಂಟಿಯಾಗಿ, ಗುಳ್ಳೆಯ ನೀರಿನಲ್ಲಿ ತೇಲುತ್ತಿತ್ತು.

ಹುಸೇನಬೀ ಬಳೆ ತೊಟ್ಟ ಕೈಗಳನ್ನು ಮುಟ್ಟದೆ ಬಹಳ ಹೊತ್ತು ನೋಡಿದರು.

“ಜಾರಸಾಕ ಬರಂಗಿಲ್ಲ, ಅಮೃತಕ್ಕ. ಬಳಿ ಜೋಡಿ ಕೈಯ ತೊಗಲೆಲ್ಲ ಬರ್ತದ. ಒಡೀಬೇಕು.”

“ನನ್ನ ಮಗ ಇನ್ನೂ ಅದಾನ!”

“ಅದಾನಲ್ಲ, ಇರಲಿ. ನೀ ಹೊರಗ ಹೋಗು. ಪಾಪ ಹತ್ತಿದ್ರ ನನಗ ಹತ್ಲಿ. ನಾ ಇಟ್ಟೀನಿ, ನಾನೇ ತೆಗೀತೀನಿ.”

ಹುಸೇನಬೀ ಅಲ್ಲಿಯವರೆಗೆ ಯಾರ ಕೈಯಲ್ಲೂ ಬಳೆ ಒಡೆದವರಲ್ಲ; ಸಾವಿನ ಮನೆಗೆ ಬಳೆಗಾರರನ್ನು ಕರೆಯುವುದಿಲ್ಲ. ನರ್ಸು ಕೊಟ್ಟ ಒದ್ದೆ ಬಟ್ಟೆಯನ್ನು ಬಳೆಯ ಅಡಿಗೆ ತೂರಿಸಿ, ಮೇಲೂ ಮಡಚಿ, ಎರಡು ಹೆಬ್ಬೆರಳುಗಳ ನಡುವೆ ಅದುಮಿದರು. ಬಟ್ಟೆಯೊಳಗೆ ಗಾಜು ಮುರಿದಾಗ ಸದ್ದಾಗಲಿಲ್ಲ, ಬೆರಳಿಗೆ ತಿಳಿಯಿತು. ಒಂದಾದ ಮೇಲೊಂದು. ದುರ್ಗಾದೇವಿ ಸೂರು ನೋಡುತ್ತಿದ್ದಳು. ಮುಗಿದ ಮೇಲೆ ಬರಿಗೈಗಳನ್ನು ಎಲೆಯ ಮೇಲಿಟ್ಟು, ಹುಸೇನಬೀ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು.

ಹೆರಿಗೆ ಅವಧಿಗೆ ಮೊದಲೇ ಆಯಿತು. ಹೆಣ್ಣುಮಗು. ಅದರ ಅಂಗಾಲಿನಲ್ಲೂ ತೊಡೆಯಲ್ಲೂ ಗುಳ್ಳೆಗಳಿದ್ದವು. ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ದಾರಿಯಿಂದ ಮಗುವಿಗೂ ಹೋಗಿದ್ದವು. ಮಗುವಿನ ದೇಹ ಅವನ್ನು ತಾನಾಗಿ ತಯಾರಿಸುವುದಿಲ್ಲವಾದ್ದರಿಂದ ಕೆಲವು ವಾರಗಳಲ್ಲಿ ಗುಳ್ಳೆ ಒಣಗಿ ಕಲೆಯೂ ಉಳಿಯಲಿಲ್ಲ. ತಾಯಿಗೆ ತಿಂಗಳುಗಟ್ಟಲೆ ಔಷಧ ಬೇಕಾಯಿತು. ಕಾಯಿಲೆ ಮಲಗಿದೆ, ಹೋಗಿಲ್ಲ, ಮತ್ತೆ ಏಳಬಹುದು ಎಂದು ಡಾಕ್ಟರು ಹೇಳಿಯೇ ಕಳಿಸಿದರು.

ಡಾಕ್ಟರ ಮಾತನ್ನು ಅಮೃತಮ್ಮ ಓಣಿಯಲ್ಲಿ ಹೇಳಿದರೂ ಯಾರೂ ಅಷ್ಟಾಗಿ ನಂಬಲಿಲ್ಲ. ಹುಸೇನಬೀಯ ಮುಂದೆ ಕೈ ಚಾಚಿದವರಿಲ್ಲ. ಒಂದು ಬೆಳಗ್ಗೆ ದುರ್ಗಾದೇವಿಯೇ ಬಂದು ಅಂಗಡಿಯ ಮುಂದೆ ಕುಳಿತು ಎಡಗೈ ಮುಂದಿಟ್ಟಳು. ಆಚೀಚೆ ನಿಂತ ಹೆಂಗಸರು ತಿರುಗಿ ನೋಡಿದರು.

“ಪ್ಲಾಸ್ಟಿಕ್ಕಿನವು ಒಯ್ಯಿ, ತಂಗಿ. ನೀನೇ ಹಾಕ್ಕೋ,” ಎಂದರು ಹುಸೇನಬೀ.

“ಗಾಜಿನವು ಇಡು, ಅವ್ವ. ನೀನೇ ಇಡು.”

ಹುಸೇನಬೀ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ ಸರಿಸಿದರು. ಚರ್ಮ ಇದ್ದಲ್ಲೇ ಇತ್ತು. ಒಂದು ಅಳತೆ ದೊಡ್ಡ ಬಳೆ ಆರಿಸಿ, ಸಾಬೂನು ಸವರದೆ, ಮೆಲ್ಲಗೆ ಏರಿಸಿದರು.

ಅದಾದ ಮೇಲೆ ಕೈಗಳು ಒಂದೊಂದಾಗಿ ಮರಳಿದವು. ಈಗ ಯಾರೇ ಕೈ ಚಾಚಲಿ, ಹುಸೇನಬೀ ಮೊದಲು ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಗಿರಾಕಿಗಳಿಗೆ ಅದು ಅಕ್ಕರೆ ಅನ್ನಿಸುತ್ತದೆ. ದುರ್ಗಾದೇವಿಯ ಕೈಯನ್ನು ಮಾತ್ರ ಎರಡು ಸಲ ಸವರುತ್ತಾರೆ.